ಕಡೆಯ ಸಾಲಿಗೂ ಕಾಣುವ ಮುಖ

ನಾನು ಒಂದು ಮುಖ. ಮೈ ಇದೆ, ಕವಚ ಇದೆ, ಕೈಯಲ್ಲಿ ಕತ್ತಿಯೂ ಇದೆ. ಆದರೆ ಅವನ್ನೆಲ್ಲ ಆಟ ಮಾಡಿದವರು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟಿದ್ದಾರೆ. ಮುಖವೊಂದೇ ನನ್ನ ಸ್ವಂತದ್ದು. ಅದನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ.

ಗದಗಿನ ಬೆಟಗೇರಿಯಲ್ಲಿ ಒಂದು ಮನೆಯ ಪಡಸಾಲೆ. ಅಲ್ಲಿ ಟಿವಿಯ ಕೆಳಗಿನ ಕಪ್ಪು ಗೇಮ್ ಪೆಟ್ಟಿಗೆಯೊಳಗೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಹುಟ್ಟಿದೆ. ಆಗ ನನಗೆ ಹುಬ್ಬಿರಲಿಲ್ಲ, ತುಟಿಗೆ ಬಣ್ಣವಿರಲಿಲ್ಲ. ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಲ್ಲಿಸುವ ಬೊಂಬೆಯ ಹಾಗೆ ಬೋಳಾಗಿ ನಿಂತಿದ್ದೆ. ಈ ಆಟದ ಪದ್ಧತಿಯೇ ಹಾಗೆ. ಯುದ್ಧಕ್ಕೆ ಇಳಿಯುವ ಮೊದಲು ಆಡುವವರು ತಮ್ಮ ವೀರನ ಮುಖವನ್ನು ತಾವೇ ತಿದ್ದಬೇಕು. ಮೂಗಿಗೊಂದು ಗೆರೆ, ಹುಬ್ಬಿಗೊಂದು ಗೆರೆ. ಗೆರೆಯ ಮೇಲಿನ ಗುಂಡಿಯನ್ನು ಎಡಕ್ಕೆ ಸರಿಸಿದರೆ ಸಣ್ಣದು, ಬಲಕ್ಕೆ ಸರಿಸಿದರೆ ದೊಡ್ಡದು.

ರಿಮೋಟು ಹಿಡಿದವಳು ರಂಜಿತಾ. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಹಿಂದಿನ ಮಂಚದ ಮೇಲೆ ಅವಳ ಅಜ್ಜ ಮೌನೇಶಪ್ಪ ಕುಳಿತಿದ್ದರು. ನಾಟಕ ಕಂಪನಿಯಲ್ಲಿ ನಲವತ್ತೆರಡು ವರ್ಷ ನಟರ ಮುಖಕ್ಕೆ ಬಣ್ಣ ಹಚ್ಚಿದವರು ಅವರು.

"ಏನ ಮಾಡಾಕತ್ತೀ ಯವ್ವಾ?"

"ಮುಖ ಮಾಡಾಕತ್ತೇನಿ ಅಜ್ಜಾ."

"ಬಣ್ಣದ ಮಾಸ್ತರನ ಮುಂದ ಕುಂತು ನೀ ಮುಖ ಮಾಡ್ತೀ? ಸರಿ ಅತ್ತಾಗ!"

ಮಂಚದಿಂದ ಇಳಿಯದೆಯೇ ಅಪ್ಪಣೆ ಕೊಡಲು ಶುರು ಮಾಡಿದರು. ಹುಬ್ಬು ದಪ್ಪ ಮಾಡು. ಇನ್ನೂ ದಪ್ಪ. ಕಾಡಿಗೆ ಎಲ್ಲೈತಿ? ಕಾಣವಲ್ದು, ಎಳಿ ಇನ್ನೊಂದು. ಕೆನ್ನೆಗೆ ಕೆಂಪು ಹಚ್ಚು, ಇನ್ನೂ ಹಚ್ಚು. ರಂಜಿತಾ ಗುಂಡಿಯನ್ನು ಬಲತುದಿಯವರೆಗೂ ತಳ್ಳಿ, "ಅಜ್ಜಾ, ಇದಕ್ಕಿಂತ ಮುಂದ ಜಾಗಾನ ಇಲ್ಲ" ಎಂದಳು. "ಹಂಗಾರ ಸಾಕು. ಕಡೀ ಸಾಲಿನಾಂವಗೂ ಕಾಣಬೇಕವಾ ಮುಖ ಅಂದ್ರ" ಎಂದರು ಅಜ್ಜ. ಕೊನೆಗೆ ಎಡಗೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆ ಇಡಿಸಿದರು, ದೃಷ್ಟಿ ತಾಗಬಾರದೆಂದು. ಕತ್ತಿ ಹಿಡಿದ ವೀರನಿಗೆ ದೃಷ್ಟಿಬೊಟ್ಟು! ಆ ಆಟದ ಲಕ್ಷಾಂತರ ವೀರರಲ್ಲಿ ಇನ್ನೊಬ್ಬನಿಗೆ ಈ ಭಾಗ್ಯವಿದ್ದರೆ ನನ್ನ ಕತ್ತಿಯನ್ನು ಅವನಿಗೇ ಕೊಟ್ಟುಬಿಡುತ್ತೇನೆ.

ಕಿವಿ ಮೊದಲೇ ಮಾಡಿ ಮುಗಿಸಿದ್ದರಿಂದ ಅಜ್ಜನ ಕತೆಯೂ ಆಗಲೇ ನನಗೆ ಕೇಳಿಸಿತು. ಅವರ ಕಂಪನಿಯಲ್ಲಿ ಒಂದು ಕಟ್ಟಳೆ ಇತ್ತಂತೆ. ಬಣ್ಣ ಹಚ್ಚಿದ ಕೈಯೇ ಬಣ್ಣ ತೆಗೆಯಬೇಕು, ಕೊಬ್ಬರಿ ಎಣ್ಣೆ ಹಚ್ಚಿ, ಹಳೆ ಧೋತರದ ಚೂರಿನಿಂದ. ತೆಗೆಯದೆ ಯಾರೂ ಮಲಗುವಂತಿಲ್ಲ. ಮಲಗಿದರೆ ಪಾತ್ರ ಮೈಮೇಲೆ ಉಳಿಯುತ್ತದೆ. ಹೋದ ದಸರೆಗೆ ದ್ರೌಪದಿಯ ಪಾತ್ರ ಮಾಡುವ ಸುಲೋಚನಾಬಾಯಿಯವರ ಹುಬ್ಬನ್ನು ತೀಡುವಾಗ ಅಜ್ಜನ ಕಡ್ಡಿ ಹಣೆಗೆ ಹೋಯಿತು. ಆಕೆ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ತಮ್ಮ ಮುಖವನ್ನು ತಾವೇ ಒರೆಸಿಕೊಂಡು, ತಾವೇ ಬರೆದುಕೊಂಡರು.

"ಬೈದಿದ್ರ ಚಲೋ ಇತ್ತು" ಎಂದರು ಅಜ್ಜ. "ಕೈ ಬಿತ್ತವ್ವಾ ನಂದು. ವಯಸ್ಸಾತು."

ಮರುದಿನವೇ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದುಬಿಟ್ಟರಂತೆ. ಆ ತಗಡಿನ ಪೆಟ್ಟಿಗೆಯನ್ನು ಟಿವಿಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ಯಾರೂ ಅದನ್ನು ತೆರೆಯುತ್ತಿರಲಿಲ್ಲ. ಅಂದರೆ ನಾನು ಅವರು ಮಾಡಿದ ಕಡೆಯ ಮುಖ. ಅದು ತಿಳಿದಾಗ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಯಿತು. ಯಾಕೆಂದರೆ ನಮ್ಮ ಆಟದ ಊರಿನಲ್ಲಿ ಕನ್ನಡಿಮನೆ ಎಂಬ ಒಂದು ಜಾಗವಿದೆ. ಅಲ್ಲಿಗೆ ಹೋದರೆ ಯಾವಾಗ ಬೇಕಾದರೂ ಮುಖ ಬದಲಿಸಬಹುದು. ಒಮ್ಮೆ ಬದಲಿಸಿದರೆ ಹಳೆಯ ಮುಖ ಮತ್ತೆ ಸಿಗುವುದಿಲ್ಲ.

ಆ ಕನ್ನಡಿಮನೆಗೆ ನನ್ನನ್ನು ಎಳೆದೊಯ್ದವನು ಓಂಕಾರ, ರಂಜಿತಾಳ ಅಣ್ಣ. ಡಿಪ್ಲೊಮಾ ಓದುತ್ತಿದ್ದವನು ಊರಿಗೆ ಬಂದು ನನ್ನನ್ನು ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನಲೇ, ಹೋಳಿ ಆಡಿ ಮಕಾ ತೊಳಕೊಳ್ಳದ ಬಂದಾಂವನ ಗತೆ ಐತಿ!" ನನ್ನ ಮೈಯೆಲ್ಲ ಉರಿಯಿತು. ಆದರೆ ರಂಜಿತಾ ಎರಡು ತಿಂಗಳು ಆಡಿ ನನಗೆ ಒಳ್ಳೆಯ ಕವಚ, ಒಳ್ಳೆಯ ಕತ್ತಿ ಗಳಿಸಿಕೊಟ್ಟಿದ್ದಳು. ಅವನಿಗೆ ಅವು ಬೇಕು. ಮುಖ ಬೇಡ. ಅಂದು ಸಂಜೆ ಐದು ಗಂಟೆಗೆ ನಾಲ್ವರು ಗೆಳೆಯರೊಡನೆ ಆನ್‌ಲೈನ್ ಪಂದ್ಯವಿತ್ತು.

"ಅಣ್ಣಾ, ಅಜ್ಜ ಮಾಡಿದ್ದದು. ಮುಟ್ಟಬ್ಯಾಡ."

"ದೋಸ್ತರ ಮುಂದ ನನ್ನ ಮರ್ಯಾದಿ ಏನಾಗಬೇಕ? ಅಜ್ಜಗ ಏನ ಗೊತ್ತಾಗತೈತಿ?"

ಗಂಟೆ ನಾಲ್ಕೂವರೆ. ಕನ್ನಡಿಯ ಮುಂದೆ ನಿಂತಿದ್ದೆ. ಅವನು ಮೊದಲು ಹುಬ್ಬಿಗೆ ಕೈ ಹಾಕಿದ. ಸರ್ರನೆ ತೆಳ್ಳಗಾದವು. ಕಾಡಿಗೆ ಹೋಯಿತು. ಕೆನ್ನೆಯ ಕೆಂಪು ಇಳಿಯಿತು. ಕನ್ನಡಿಯಲ್ಲಿ ಯಾರೋ ಚೆಲುವ ಬಂದು ನಿಂತ. ಯಾರಿವನು? ನನ್ನ ಜಾಗದಲ್ಲಿ ಇವನಿಗೇನು ಕೆಲಸ? ಕೂಗೋಣವೆಂದರೆ, ಆಡುವವರು ಒತ್ತದೆ ನನ್ನ ಬಾಯಿ ಬಿಡುವುದಿಲ್ಲ. ಪರದೆಯ ಮೇಲೆ ಕಡೆಯ ಪ್ರಶ್ನೆ ಬಂತು: ಹಳೆಯ ಮುಖ ಮರಳುವುದಿಲ್ಲ, ಖಚಿತವೇ? ಓಂಕಾರನ ಹೆಬ್ಬೆರಳು 'ಹೌದು' ಎಂಬುದರ ಮೇಲೆ ನಿಂತಿತು.

"ಲೇ ಓಂಕಾರ, ನನ್ನ ಪಾತ್ರ ಎಲ್ಲಿ ಹೋತೋ?"

ಮಂಚದಿಂದ ಅಜ್ಜ ಕೇಳಿದರು. ಬೆರಳು ನಿಂತಲ್ಲೇ ನಿಂತಿತು.

"ಇಲ್ಲೇ ಐತಲ್ಲ ಅಜ್ಜಾ, ಟಿವಿ ಮುಂದನ."

"ಟಿವಿ ಬೆಳಕ ಕಾಣತೈತಿ. ಮಂದಿ ಕಾಣವಲ್ರು. ಈ ಆಟ ಹಚ್ಚಿದಾಗಿಂದನೂ ಕಾಣವಲ್ರು. ಅದೊಂದ ಮುಖ ಕಾಣತಿತ್ತು, ಈಗ ಅದೂ ಇಲ್ಲ."

ಓಂಕಾರ ತಿರುಗಿ ನೋಡಿದ. ರಂಜಿತಾ ಎದ್ದು ಹೋಗಿ ಅಜ್ಜನ ಮುಂದೆ ಮೂರು ಬೆರಳು ಎತ್ತಿದಳು. "ಎಷ್ಟಜ್ಜಾ?" ಅಜ್ಜ ಕೇಳಿದ್ದು ಕೇಳಿಸದವರಂತೆ ಧೋತರದ ಅಂಚು ಸರಿಮಾಡಿಕೊಂಡರು. ಮನೆಯವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ದಿನಾ ತಿರುಗಾಡುವ ಮನೆ, ಗೋಡೆ ಹಿಡಿಯದೆಯೇ ನಡೆಯುತ್ತಿದ್ದರು.

ಓಂಕಾರ 'ಹಿಂದಕ್ಕೆ' ಒತ್ತಿದ. ಹುಬ್ಬು ಬಂತು, ಕಾಡಿಗೆ ಬಂತು, ಕೆಂಪು ಬಂತು. "ಹಾಂ, ಈಗ ಬಂದ ನೋಡು!" ಎಂದರು ಅಜ್ಜ. ನನಗೆ ಕಣ್ಣೀರು ಬರುವ ವ್ಯವಸ್ಥೆ ಇಲ್ಲ, ಇದ್ದಿದ್ದರೆ ಕಾಡಿಗೆ ಹರಿದುಹೋಗುತ್ತಿತ್ತು.

ಅದೇ ಮುಖದಲ್ಲೇ ಪಂದ್ಯಕ್ಕೆ ಹೋದೆವು. ಗೆಳೆಯರು ಮೊದಲು ನಕ್ಕು ಸುಸ್ತಾದರು. ಆಮೇಲೆ ಮಂಜು ಕವಿದ ಕೋಟೆಯೊಳಗೆ ನುಗ್ಗಿದಾಗ ಅವರ ಚೆಲುವ ಮುಖಗಳೆಲ್ಲ ಬೂದಿಯಲ್ಲಿ ಕಲಸಿದಂತಾದವು. ಯಾರು ನಮ್ಮವರು, ಯಾರು ವೈರಿ ಒಂದೂ ತಿಳಿಯದು. ಆಗ ಒಬ್ಬ ಕೂಗಿದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು: "ಲೇ, ಓಂಕಾರನ ಹಿಂದ ಬರ್ರಿ! ಅವನ ಮಕಾ ಒಂದ ಕಾಣತೈತಿ!" ಅಂದು ಗೆದ್ದೆವು. ಕಡೆಯ ಸಾಲಿಗೂ ಕಾಣಬೇಕೆಂದು ಹಚ್ಚಿದ ಬಣ್ಣವದು, ಸುಮ್ಮನೆ ಹೋದೀತೆ?

ಮುಂದಿನ ವಾರವೇ ಅಜ್ಜನನ್ನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಒಂದಾದ ಮೇಲೊಂದು ತೆಗೆಸಿದರು. ಅಷ್ಟೂ ದಿನ ಗೇಮ್ ಪೆಟ್ಟಿಗೆಯನ್ನು ಯಾರೂ ಹಚ್ಚಲಿಲ್ಲ. ನಾನು ಕತ್ತಲೆಯಲ್ಲಿ ಕುಳಿತು ಒಂದೇ ಯೋಚನೆ ಮಾಡಿದೆ: ಅವರು ನನ್ನನ್ನು ಸರಿಯಾಗಿ ನೋಡಿದಾಗ ಏನನ್ನುತ್ತಾರೆ?

ಕಪ್ಪು ಕನ್ನಡಕ ಬಿಟ್ಟ ದಿನ ಅಜ್ಜ ಮಂಚ ಬಿಟ್ಟು ಟಿವಿಯ ಮುಂದೆ ನೆಲದ ಮೇಲೆ ಬಂದು ಕುಳಿತರು. ರಂಜಿತಾ ನನ್ನನ್ನು ಕನ್ನಡಿಮನೆಗೆ ಕರೆತಂದಳು. ಅಜ್ಜ ನೋಡಿದರು. ನೋಡುತ್ತಲೇ ಇದ್ದರು. ಓಂಕಾರ ಉಗುರು ಕಚ್ಚುತ್ತಿದ್ದ.

"ಅಯ್ಯಯ್ಯ! ಇದೇನ ಬಳದೇನಿ ನಾ! ಇದು ಮುಖೋ, ಸಾರಿಸಿದ ಗ್ವಾಡಿಯೋ?"

ಮೂವರೂ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜನ ನಗು ಅರ್ಧಕ್ಕೆ ನಿಂತಿತು. ಮೆಲ್ಲಗೆ ಎದ್ದು ಕಪಾಟಿನಿಂದ ತಗಡಿನ ಪೆಟ್ಟಿಗೆ ಇಳಿಸಿ, ಕಡ್ಡಿಯೊಂದನ್ನು ಕಪ್ಪಿನಲ್ಲಿ ಅದ್ದಿ, ತಮ್ಮ ಎಡಗೈಯ ಹಿಂಬದಿಯ ಮೇಲೆ ಹುಬ್ಬೊಂದನ್ನು ಬರೆದರು. ಗೆರೆ ಎಲ್ಲೂ ನಡುಗಲಿಲ್ಲ.

"ಕೈ ಬಿದ್ದಿರಲಿಲ್ಲವ್ವಾ" ಎಂದರು. "ಕಣ್ಣ ಬಿದ್ದಿದ್ವು. ಸುಮ್ಮನ ಕೈಗೆ ಬೈಕೋತ ಕುಂತೆ."

ಆಮೇಲೆ ಹೇಳಿದರು: "ಕೊಬ್ಬರಿ ಎಣ್ಣಿ ತಾ."

ರಂಜಿತಾಳ ಮುಖ ಸಣ್ಣದಾಯಿತು. "ಬ್ಯಾಡಜ್ಜಾ. ಇರಲಿ ಹಂಗ."

"ಗೆದ್ದ ಬಂದಾನ, ಅವನ ಆಟ ಮುಗಿದೈತಿ. ಬಣ್ಣದಾಗ ಎಷ್ಟ ದಿನ ನಿಲ್ಲಸ್ತೀರಿ ಅವನ್ನ? ಹಚ್ಚಿದ ಕೈ ನಂದು."

ಎಣ್ಣೆಯ ಬಟ್ಟಲು ಬಂತು, ಧೋತರದ ಚೂರೂ ಬಂತು. ಪರದೆಗೆ ಎಣ್ಣೆ ಹಚ್ಚುವಂತಿಲ್ಲವೆಂದು ಅಜ್ಜನಿಗೂ ಗೊತ್ತು. ಆದರೂ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು, ಬೆರಳು ಅದ್ದಿ ಒರೆಸಿಕೊಂಡು, ರಿಮೋಟು ಹಿಡಿದರು. ಯಾವುದಕ್ಕೆ ಅಂಜಿ ಅಂಜಿ ಇಷ್ಟು ದಿನ ಬದುಕಿದೆನೋ, ಅದು ಕೊನೆಗೆ ಈ ಕೈಯಿಂದಲೇ ಬಂತು.

"ಹೆದರಬ್ಯಾಡೋ ತಮ್ಮಾ" ಎಂದರು ಅಜ್ಜ. ನನಗೇ. ಅಲ್ಲಿಯವರೆಗೆ ಎಲ್ಲರೂ ನನ್ನ ಬಗ್ಗೆ ಮಾತಾಡಿದ್ದರು, ನನ್ನೊಡನೆ ಯಾರೂ ಮಾತಾಡಿರಲಿಲ್ಲ.

ಮೊದಲು ಕೆನ್ನೆಯ ಕೆಂಪು. ಆಮೇಲೆ ಕಾಡಿಗೆ, ಒಳಗಿನಿಂದ ಹೊರಕ್ಕೆ, ಅವಸರವಿಲ್ಲದೆ. ಆಮೇಲೆ ಹುಬ್ಬು. ಓಂಕಾರ ಎಳೆದು ತೆಗೆದಾಗ ಉರಿದಿತ್ತು, ಇದು ಉರಿಯಲಿಲ್ಲ. ಎಡಗೆನ್ನೆಯ ಚುಕ್ಕೆಗೆ ಬಂದು ನಿಂತರು. "ಇದ ಬಣ್ಣಲ್ಲ. ಇರಲಿ" ಎಂದರು. ಪರದೆ ಕೇಳಿತು: ಖಚಿತವೇ? ಅಜ್ಜ ಒತ್ತಿದರು.

ಓಂಕಾರ ಈಗ ಬೇರೆ ಗೇಮ್ ಪೆಟ್ಟಿಗೆ ತಂದಿದ್ದಾನೆ. ನನ್ನದು ಹಳೆಯದಾಗಿ ಕಪಾಟು ಸೇರಿದೆ. ತಿಂಗಳಿಗೊಮ್ಮೆ ರಂಜಿತಾ ಧೂಳು ಹೊಡೆದು ಹಚ್ಚುತ್ತಾಳೆ. ಬೋಳು ಮುಖ, ಒಂದು ಚುಕ್ಕೆ. ಕನ್ನಡಿಮನೆಯ ಭಯ ನನಗೆ ಈಗಿಲ್ಲ. ಮೊನ್ನೆ ಅವಳು ತಾಯಿಗೆ ಹೇಳುತ್ತಿದ್ದುದು ಕೇಳಿಸಿತು. ಅಜ್ಜ ಮತ್ತೆ ಕಂಪನಿಗೆ ಹೋದಾಗ ಸುಲೋಚನಾಬಾಯಿ ಆಗಲೇ ಕನ್ನಡಿಯ ಮುಂದೆ ಕುಳಿತಿದ್ದರಂತೆ. ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದರಂತೆ.

ಈ ಕಪಾಟಿನಲ್ಲಿ ನನ್ನ ಪಕ್ಕಕ್ಕೆ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಈಗ ಆ ಜಾಗ ಖಾಲಿ ಇದೆ.