ಅಡುಗೆಮನೆಯ ದನಿ

ಊರಿನ ಅರ್ಧ ಜನರ ಗಂಟಲು ಟೈಲರ್‌ಗೆ ಬಾಯಿಪಾಠ. ಗಿರಾಕಿ ಅಳತೆ ಕೊಟ್ಟು ಬಾಗಿಲು ದಾಟುವಷ್ಟರಲ್ಲಿ ಅವರ ದನಿಯನ್ನೂ ಹೊಲಿದು ಮುಗಿಸುತ್ತಿದ್ದ. ಪಾದ್ರಿಗಳ ಕೆಮ್ಮನ್ನಂತೂ ಪಾದ್ರಿಗಳಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದ. ನಕ್ಕು ನಕ್ಕು ಸುಸ್ತಾಗುತ್ತಿದ್ದವಳು ಹೆಂಡತಿ.

ಅವಳು ಆಸ್ಪತ್ರೆಯಲ್ಲೇ ತೀರಿಕೊಂಡಳು. ಅಲ್ಲಿಂದಲೇ ಒಯ್ದು ಮಣ್ಣು ಮಾಡಿ ಬಂದವನಿಗೆ, ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಕಣ್ಣು ಕಾಣದ ಅತ್ತೆಯ ಮುಂದೆ ಬಾಯಿ ಬರಲಿಲ್ಲ. ಹೇಳಿದರೆ ಮುದುಕಿಯ ಜೀವವೂ ಹಾರಿಹೋದೀತೆಂಬ ಭಯ. ನಿಮ್ಮ ಮಗಳಿಗೆ ಅಂಟುಜ್ವರ, ಹತ್ತಿರ ಬರಬಾರದಂತೆ ಎಂದುಬಿಟ್ಟ. ಅಡುಗೆಮನೆಗೆ ಹೋಗಿ, ಸ್ವಲ್ಪ ಮೂಗು ಕಟ್ಟಿದಂಥ ಅವಳ ದನಿಯಲ್ಲಿ "ಅಮ್ಮಾ, ಊಟ ಆಯ್ತಾ?" ಎಂದ. ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಗೋಡೆ ಹಿಡಿದು ಕೂತ.

ಅತ್ತೆ ಎಂದಿನಂತೆಯೇ ಇದ್ದಳು. ಬೆಳಗಾದರೆ, ಈಗ ಅಳಿಯನ ಕೈಯಲ್ಲಾದರೂ, ತಲೆ ಬಾಚಿಸಿಕೊಳ್ಳಬೇಕು. ಕೆದರಿದ ತಲೆಯಲ್ಲಿ ಪರಲೋಕಕ್ಕೆ ಹೋದರೆ ಅಲ್ಲಿ ಕಾದಿರುವ ಗಂಡ ಗುರುತು ಹಿಡಿಯಬೇಕಲ್ಲ. ಯಾರ ಮೇಲೆ ಸಿಟ್ಟು ಬಂದರೂ ಸಂಜೆಯೊಳಗೆ ಕರೆಸಿ ರಾಜಿಯಾಗುವಳು. ನಾಳೆ ಅಲ್ಲಿ ಅಕ್ಕಪಕ್ಕ ಕೂರಬೇಕಾದವರು ಇಲ್ಲಿ ಮುಖ ತಿರುಗಿಸಿದರೆ ಹೇಗೆ ಎನ್ನುವಳು.

ಸಂಜೆಯ ಪ್ರಾರ್ಥನೆಯೇ ಅವನಿಗೆ ಕಷ್ಟವಾಯಿತು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಮಗಳು ಹೇಳಿಕೊಡುವುದು, ತಾಯಿ ಹಿಂದೆಯೇ ಹೇಳುವುದು ಮನೆಯ ರೂಢಿ. ಈಗ ಅಡುಗೆಮನೆಯಿಂದ ಅವಳ ದನಿಯಲ್ಲಿ ಇವನೇ ಹೇಳಿಕೊಡಬೇಕಾಯಿತು. ದೇವರ ಚಿತ್ತ ಪರಲೋಕದಲ್ಲಿ ನಡೆಯುವಂತೆ ಇಲ್ಲಿಯೂ ನಡೆಯಲಿ ಎನ್ನುವ ಸಾಲಿಗೆ ಬಂದಾಗ ಅವನ ನಾಲಿಗೆ ಮುಷ್ಕರ ಹೂಡಿತು. ಹಾರಿಸಿದ. ಮರುದಿನವೂ ಹಾರಿಸಿದ.

ಪ್ರಾರ್ಥನೆ ಮುಗಿದ ಮೇಲೆ ಅತ್ತೆ ಅವನನ್ನು ಹತ್ತಿರ ಕರೆದಳು.

"ಅಳಿಯಂದಿರೇ, ನನ್ನ ಮಗಳು ಆ ಸಾಲು ಬಿಟ್ಟವಳಲ್ಲ. ಅವರಪ್ಪ ಹೋದ ದಿನಾನೂ ಬಿಡ್ಲಿಲ್ಲ. ಯಾವಾಗ ಹೋದ್ಲು?"

ಅವನು ಹೇಳಿದ. ಮುದುಕಿ ದಿಂಬಿನ ಮೂಲೆಯನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು.

"ಒಂದು ಹಿಡಿ ಮಣ್ಣು ಹಾಕೋಕೂ ನನ್ನ ಕರೀಲಿಲ್ಲ ನೀವು."

ಅವನು ಅವಳ ಕಾಲ ಬಳಿ ಕೂತು ಕ್ಷಮೆ ಕೇಳಿದ.

"ಆಯ್ತಪ್ಪ, ಏಳಿ. ಆ ದನಿ ಇನ್ನು ಬೇಡ. ಅವಳದ್ದನ್ನ ನಾನು ಅಲ್ಲೇ ಹೋಗಿ ಕೇಳ್ತೀನಿ."

"ಅದೂ ಬಿಟ್ರೆ ನನಗೇನು ಉಳೀತು ಅತ್ತೆ?"

ಈ ಎರಡು ದಿನ ಯಾರಿಗಾಗಿ ಆ ದನಿ ಎತ್ತುತ್ತಿದ್ದೆನೆಂಬುದು ಅವನಿಗೆ ಆಗಲೇ ತಿಳಿದದ್ದು. ಅತ್ತೆ ತಡವರಿಸಿ ಅವನ ಕೈ ಹುಡುಕಿದಳು.

"ಅಲ್ಲಿ ಸಿಗ್ತಾಳೆ. ಅಲ್ಲೀವರೆಗೆ ನಾವಿಬ್ಬರೇ. ಪ್ರಾರ್ಥನೆ ಹೇಳಿ, ನಿಮ್ಮ ದನೀಲೇ ಹೇಳಿ."

ಅವನು ಮೊದಲಿನಿಂದ ಶುರುಮಾಡಿ ಆ ಸಾಲಿನ ಹತ್ತಿರ ನಿಂತ. ಅತ್ತೆ ಹೇಳಿಕೊಡಲಿಲ್ಲ, ಕೈ ಬಿಡಲೂ ಇಲ್ಲ. ಕೊನೆಗೆ ಅವನು ಹೇಳಿದ. ಆ ದನಿ ಯಾರದೆಂದು ಅವನಿಗೇ ಗುರುತು ಸಿಗಲಿಲ್ಲ.