ಮಧುಕರರಾಯರು ಕಾಗೆ ಓಡಿಸಿದ್ದು

ಮೂರನೇ ಕಾಗೆಯನ್ನೂ ಮಧುಕರರಾಯರು ಓಡಿಸಿಬಿಟ್ಟರು.

ಖಾನಾಪುರದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಅವರದೇ ಹತ್ತನೇ ದಿನದ ಕರ್ಮ ನಡೆದಿತ್ತು. ಬಾಳೆಎಲೆಯ ಮೇಲೆ ಪಿಂಡ ಇಟ್ಟು, ಎಲ್ಲರೂ ಹಿಂದೆ ಸರಿದು, ಬಿಸಿಲಲ್ಲಿ ಕಾಯುತ್ತ ನಿಂತಿದ್ದರು. ಕಾಗೆಗಳಿಗೇನು ಬರವಿರಲಿಲ್ಲ, ಅತ್ತಿಮರದ ತುಂಬ ಕೂತಿದ್ದವು. ಒಂದೊಂದೇ ಇಳಿದು, ಕತ್ತು ಓರೆ ಮಾಡಿ, ಎಲೆಯ ತನಕ ಬಂದು, ಯಾರೋ ಗದರಿಸಿದಂತೆ ಹಾರಿಹೋಗುತ್ತಿದ್ದವು. ಗದರಿಸುತ್ತಿದ್ದವರು ರಾಯರೇ. ಬನಿಯನ್-ಲುಂಗಿಯಲ್ಲಿ ಎಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈ ಬೀಸುತ್ತಿದ್ದರು. ಅದು ಕಾಣುತ್ತಿದ್ದುದು ಹೆಂಡತಿ ರಾಧಾಬಾಯಿಯೊಬ್ಬಳಿಗೆ.

ಆಕೆಗೆ ಹೆದರಿಕೆಯಾಗಲಿಲ್ಲ. ಹೆದರಿಕೆ ಒತ್ತಟ್ಟಿಗಿರಲಿ, ಗಂಡ ಹೋದಾಗಿನಿಂದ ಆಕೆಗೆ ಏನೂ ಆಗುತ್ತಿರಲಿಲ್ಲ. ಬಂದವರು ಅತ್ತರು, ಈಕೆ ಅವರಿಗೆ ನೀರು ತಂದುಕೊಟ್ಟಳು. ಬೆಳಗಾವಿಯ ಶಿವಬಸವ ನಗರದ ಮನೆಯಿಂದ ರಾಯರನ್ನು ಹೊತ್ತೊಯ್ದ ಸಂಜೆಯೇ ಅವರು ಹೊಳ್ಳಿ ಬಂದು, ತಮ್ಮ ಕುರ್ಚಿಯಲ್ಲಿ ಕೂತು, ಚಹಾ ಆಯಿತೇನು ಎಂದು ಕೇಳಿದ್ದರು. ಈಕೆ ಮಾಡಿಕೊಟ್ಟಳು. ಕಪ್ಪು ಇಟ್ಟಲ್ಲೇ ಆರಿತು. ಊಟ ಬಡಿಸಿದರೂ ಅಷ್ಟೇ, ತುತ್ತು ಕೈಗೇ ಹತ್ತುವುದಿಲ್ಲವಲ್ಲ ಎಂದು ಗೊಣಗಿಕೊಂಡು ಏಳುತ್ತಿದ್ದರು. ನೀವು ಸತ್ತಿದ್ದೀರಿ ಎಂದು ಹೇಳಲು ಆಕೆಗೆ ನಾಲಿಗೆ ಹೊರಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ಇದ್ದರೆ ಇರಲಿ, ಯಾರಿಗೇನು ತ್ರಾಸು?

ಕಾಗೆಗಳ ಜೊತೆ ರಾಯರ ಹಗೆ ಇಂದಿನದಲ್ಲ. ರಾಧಾಬಾಯಿ ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದಳು. ನಿವೃತ್ತರಾದ ಮೇಲೆ ಮಾಳಿಗೆಯ ಮೇಲೆ ಕೂತು ಅವನ್ನು ಕಾಯುವ ನೌಕರಿಯನ್ನು ರಾಯರು ತಾವೇ ಹಿಡಿದರು. ಆಫೀಸಿನಲ್ಲಿ ಜವಾನನಿಗೂ ದನಿ ಎತ್ತದ ಮನುಷ್ಯ, ಕಾಗೆಗಳನ್ನು ಮರಾಠಿಯಲ್ಲಿ ವಂಶೋದ್ಧಾರ ಮಾಡಿ ಬೈಯುತ್ತಿದ್ದರು. ಈಗಲೂ ತೆರೆದಿಟ್ಟ ಅನ್ನ ಕಂಡಿತು, ಕಾಗೆ ಕಂಡಿತು, ಡ್ಯೂಟಿಗೆ ಕೂತರು. ಇಷ್ಟೇ ಸಂಗತಿ.

ಆದರೆ ಉಳಿದವರಿಗೆ ಅದು ಗೊತ್ತಾಗುವುದು ಹೇಗೆ? ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಒಬ್ಬೊಬ್ಬರಾಗಿ ಮುಂದೆ ಬಂದು, ಅದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಯಾರ ಮಾತಿಗೆ ಕಾಗೆ ಇಳಿಯಿತೋ ಅವರು ಆ ಮಾತಿಗೆ ಜನ್ಮಪೂರ್ತಿ ಕಟ್ಟುಬಿದ್ದಂತೆ. ಕರ್ಮಕ್ಕೆ ಕೂತಿದ್ದ ರಾಯರ ತಮ್ಮ ಸುಮಂತ ಗುಟ್ಕಾ ಬಿಡುತ್ತೇನೆಂದ. ಕಾಗೆ ನಂಬಲಿಲ್ಲ. ಸ್ವಲ್ಪ ನೋಡಿ ದರ್ಭೆಯಿಂದಲೇ ಒಂದು ಕಾಗೆ ಮಾಡಿ ಮುಟ್ಟಿಸಿಬಿಡೋಣ ಎಂದರು ಭಟ್ಟರು, ಅವರಿಗೆ ಬೆಳಗಾವಿಯಲ್ಲಿ ಇನ್ನೊಂದು ಮನೆಯ ಕರ್ಮಕ್ಕೆ ಹೋಗುವುದಿತ್ತು. ರಾಧಾಬಾಯಿ ಕಾಯುತ್ತಿದ್ದುದೂ ಅದನ್ನೇ. ಹುಲ್ಲಿನ ಕಾಗೆಗೆ ಶಾಸ್ತ್ರ ಮುಗಿಯುತ್ತದೆ, ಇವರು ತನ್ನ ಹಿಂದೆಯೇ ಮನೆಗೆ ಬರುತ್ತಾರೆ.

ರಾಯರ ಅಕ್ಕ ಇಂದೂತಾಯಿ ಒಪ್ಪಲಿಲ್ಲ. ಆಕೆ ಸೀದಾ ಸಾನಿಕಾಳ ಹತ್ತಿರ ಹೋದಳು. ಸಾನಿಕಾ ರಾಯರ ಒಬ್ಬಳೇ ಮಗಳು. ನಿಪ್ಪಾಣಿಯಲ್ಲಿದ್ದ ಇಂದೂತಾಯಿಯ ಮೈದುನನ ಮಗನಿಗೆ ಆಕೆಯನ್ನು ಕೇಳಿದ್ದರು, ಹುಡುಗಿ ಒಲ್ಲೆ ಎಂದಿದ್ದಳು. ರಾಯರು ಒಮ್ಮೆ ಅವರ ಮನೆಯಲ್ಲಿ ಹೊಟ್ಟೆ ತುಂಬ ಹೋಳಿಗೆ ತಿಂದು ಹುಡುಗ ಒಳ್ಳೆಯವನು ಅಂದದ್ದನ್ನೇ ಇಂದೂತಾಯಿ ಗಂಟು ಕಟ್ಟಿ ಇಟ್ಟುಕೊಂಡಿದ್ದಳು.

"ನಿಮ್ಮಪ್ಪನ ಜೀವ ಇದರಾಗ ಸಿಕ್ಕೊಂಡೈತಿ. ಲಗ್ನ ಆಗತೀನಿ ಅನ್ನು, ಕಾಗಿ ಬರತೈತಿ ನೋಡು."

ಸಾನಿಕಾ ತಾಯಿಯ ಕಡೆ ನೋಡಿದಳು. ನಿದ್ದೆಯಿಲ್ಲದೆ ಹುಡುಗಿಯ ಕಣ್ಣು ಕೆಂಪಾಗಿದ್ದವು. ಇನ್ನೊಂದು ಸಲ ಒತ್ತಿದರೆ ಅಂದುಬಿಡುತ್ತಾಳೆ ಎಂದು ರಾಧಾಬಾಯಿಗೆ ತಿಳಿಯಿತು. ರಾಯರೂ ಸುಸ್ತಾಗಿದ್ದರು. ಹುಡುಗಿ ಬಾಯಿ ತೆರೆಯುವುದಕ್ಕೂ, ಇವರು ಬೆವರು ಒರೆಸಿಕೊಳ್ಳುವುದಕ್ಕೂ, ಕಾಗೆ ಇಳಿಯುವುದಕ್ಕೂ ಸರಿಹೋದರೆ ಮುಗಿಯಿತು, ಮಗಳ ಬಾಳು ನಿಪ್ಪಾಣಿಗೆ ಹೋದಂತೆ.

ರಾಧಾಬಾಯಿ ಎದ್ದು ಹೋಗಿ ಎಲೆಯ ಮುಂದೆ ಕೂತಳು.

"ಸಾಕು ಬಿಡ್ರಿ."

"ನೋಡಬಾರದಾ? ಯಾರೋ ಅನ್ನ ತೆರದಿಟ್ಟು ಹೋಗ್ಯಾರ," ಎಂದರು ರಾಯರು.

"ನಿಮ್ಮದರೀ ಅದು. ನೀವು ತೀರಿಕೊಂಡೀರಿ."

ರಾಯರ ಕೈ ಗಾಳಿಯಲ್ಲೇ ನಿಂತಿತು. "ಯಾವಾಗ?"

"ಹತ್ತು ದಿನಾತು. ಚಹಾ ಕುಡಿಯೂ ಹೊತ್ತಿನಾಗ."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಹೇಳಿದ್ರ ಹೋಗತಿದ್ರಿ."

ರಾಯರು ಮಗಳ ಕಡೆ ನೋಡಿ, ಆಕೆ ಯಾಕೆ ಹಾಗೆ ನಿಂತಿದ್ದಾಳೆ ಎಂದು ಕೇಳಿದರು. ಈಕೆ ನಿಪ್ಪಾಣಿಯ ಮಾತು ಹೇಳಿದಳು. ಲಗ್ನ ಮಾಡಿರಿ ಎಂದು ತಾನು ಯಾವಾಗ ಅಂದೆ, ಒಲ್ಲದ ಹುಡುಗಿಗೆ ಇದೆಂಥ ಬಲವಂತ ಎಂದು ರಾಯರಿಗೆ ಸಿಟ್ಟು ಬಂತು. ಮೊಳಕಾಲಿನ ಮೇಲೆ ಕೈಯೂರಿ ಎದ್ದರು. ಅನ್ನವನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದರು.

ಸಾನಿಕಾ ಮಾತಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕಾಗೆ ಕೊಕ್ಕು ತುಂಬಿಕೊಂಡಿತ್ತು. ಅದರ ಹಿಂದೆ ಇಡೀ ಮರವೇ ಇಳಿಯಿತು. ಜನ ಕೇಳಿದ್ದು ರಾಧಾಬಾಯಿಯ ಅರ್ಧ ಮಾತು ಮಾತ್ರ. ಅಂತೂ ಗಂಡನ ಮುಂದೆ ಬಾಯಿಬಿಟ್ಟು ಹೇಳಿಕೊಂಡಳಲ್ಲ, ಇನ್ನು ಎದೆ ಹಗುರಾಗುತ್ತದೆ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗುಟ್ಕಾದ ಮಾತು ಹಿಡಿಯಿತೋ ಇಲ್ಲವೋ ಎಂದು ಸುಮಂತ ಭಟ್ಟರನ್ನು ಬದಿಗೆ ಕರೆದು ಕೇಳುತ್ತಿದ್ದ.

ರಾಧಾಬಾಯಿ ಹೊಳೆಯ ಕಡೆ ನೋಡಿದಳು, ಮರದ ಕೆಳಗೆ ನೋಡಿದಳು. ಯಾರೂ ಇರಲಿಲ್ಲ. ದುಃಖವಾಯಿತು. ಅದು ದುಃಖ ಎಂದು ತಿಳಿಯುವುದಕ್ಕೂ ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಾಡಿಗೆ ಗಾಡಿಯಲ್ಲಿ ಎಲ್ಲರೂ ಒತ್ತೊತ್ತಿ ಕೂತರು. ಇಂದೂತಾಯಿ ಸಿಟ್ಟಿನಲ್ಲಿ ಎಲ್ಲರಿಗಿಂತ ಕಡೆಗೆ ಬಂದಳು. ಒಳಗೆ ಬಗ್ಗಿ ನೋಡಿ, ರಾಧಾಬಾಯಿಯ ಬಾಜೂಕಿನ ಸೀಟಿನಲ್ಲಿ ಯಾರಾದರೂ ಕೂಡುವವರಿದ್ದಾರೇನು ಎಂದು ಕೇಳಿದಳು.

ರಾಧಾಬಾಯಿ ಸೀಟಿನ ಮೇಲೆ ಕೈಯಿಟ್ಟು ನೋಡಿದಳು.

"ಇಲ್ಲ. ಖಾಲಿ ಐತಿ."

ಇಂದೂತಾಯಿ ಹತ್ತಿ ಕೂತು, ಒದ್ದೆ ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಡ್ರೈವರ್ ಬಾಗಿಲು ಹಾಕಿದ.