ಕಣ್ಣಿಲ್ಲದ ನವಿಲು

ದೊಡ್ಡಬಳ್ಳಾಪುರದ ಶಾಮಲಾ ಸೀರೆ ಡಿಸೈನ್ ಬರೆಯುವವಳು. ಹೋದ ವಾರ ತಮ್ಮ ಅವಳ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿಕೊಟ್ಟಿದ್ದ. ಅಂದಿನಿಂದ ಪೆನ್‌ಡ್ರೈವ್ ಚುಚ್ಚಿದರೆ ತಾನಾಗಿ ತೆರೆಯುತ್ತಿರಲಿಲ್ಲ. ಪ್ರತಿ ಸಲವೂ ‘ಮೌಂಟ್’ ಎಂದು ಟೈಪ್ ಮಾಡಿ ಅಪ್ಪಣೆ ಕೊಡಬೇಕು.

“ಥೂ, ದರಿದ್ರದ್ದು! ಒಳಗೆ ಬಾ ಅನ್ನೋಕೂ ಅರ್ಜಿ ಹಾಕ್ಬೇಕು” ಎಂದು ಗೊಣಗುತ್ತಾ, ಮಗ್ಗದ ಮಾಲೀಕ ಅಪ್ಪಯ್ಯಣ್ಣ ತಂದಿದ್ದ ಪೆನ್‌ಡ್ರೈವನ್ನು ನಾಲ್ಕನೇ ಪ್ರಯತ್ನಕ್ಕೆ ತೆರೆದಳು.

“ಸೂರತ್ತಿಂದ ತರ್ಸಿದ್ದು ಕಣಮ್ಮ, ಬಾರ್ಡರ್ ಸ್ವಲ್ಪ ಅಗಲ ಮಾಡ್ಕೊಡು” ಎಂದ ಅಪ್ಪಯ್ಯಣ್ಣ.

ಪರದೆಯ ಮೇಲೆ ನವಿಲು ಬಂತು. ಯಾರಾದರೂ ಕದ್ದರೆ ಗೊತ್ತಾಗಲೆಂದು ಅವಳೇ ಕಣ್ಣು ಬಿಡಿಸದೆ ಬಿಟ್ಟಿದ್ದ ನವಿಲು. ಹೋದ ತಿಂಗಳು ಅವಳು ಕಾಫಿ ತರಲು ಎದ್ದಾಗ ಅಪ್ಪಯ್ಯಣ್ಣನೊಬ್ಬನೇ ಈ ಕಂಪ್ಯೂಟರಿನ ಮುಂದೆ ಕೂತಿದ್ದ.

ಶಾಮಲಾಳಿಗೆ ಹೇಸಿಗೆಯಾಯಿತು. ಪೆನ್‌ಡ್ರೈವ್ ಕಿತ್ತು ಅವನ ಮುಂದೆ ಎಸೆದಳು.

“ಕೇಳ್ದೆ ಯಾರನ್ನೂ ಒಳಕ್ಕೆ ಬಿಡದ ಈ ಡಬ್ಬಾನೇ ನನಗಿಂತ ವಾಸಿ. ಏಳಣ್ಣ ಮೇಲೆ!”